ನೀರು ಒಂದ, ಮೈ ಬ್ಯಾರೆ

ಆದವಾನಿಯ ನಮ್ಮ ಪಕ್ಕದ ಮನೆಯ ಅಕ್ಕನಿಗೂ ಅವರ ಗಂಡನಿಗೂ ಸಕ್ಕರೆ ಕಾಯಿಲೆ. ಮೈಗೆ ತಾಮ್ರ ಸೇರಿದರೆ ಸಕ್ಕರೆ ಇಳಿಯುತ್ತದೆಂದು ನಂಬಿ, ದಿನಾ ಬೆಳಿಗ್ಗೆ ಇಬ್ಬರೂ ಒಂದೇ ತಾಮ್ರದ ಚೊಂಬಿನ ನೀರು ಕುಡಿಯುತ್ತಿದ್ದರು. ಆಮೇಲೆ ಅಕ್ಕ ಚೊಂಬಿನ ಬಾಯಿಗೆ ಅಂಗೈ ಮುಚ್ಚಿ ನಗುತ್ತಿದ್ದರು: "ನೀರು ಒಂದ, ಮೈ ಬ್ಯಾರೆ ನೋಡಮ್ಮಾ."

ಗಂಡನ ಸಕ್ಕರೆ ಇಳಿಯಿತು, ಅಕ್ಕನದು ಏರಿತು. ಅಕ್ಕ ಮೂತ್ರಕ್ಕೆ ಹೋಗಿಬಂದ ಬಚ್ಚಲಿಗೆ ಇರುವೆಗಳು ಮುತ್ತುತ್ತಿದ್ದವು. "ಡಾಕ್ಟರಗಿಂತ ಮೊದ್ಲ ಇವಕ್ಕ ಗೊತ್ತಾಗ್ತೈತಿ," ಎನ್ನುತ್ತ, ಒಂದನ್ನೂ ತುಳಿಯದೆ ದಾಟಿ ಬರುತ್ತಿದ್ದರು.

ಅಕ್ಕ ತೀರಿಕೊಂಡ ಮೇಲೆ ಆ ಚೊಂಬು ನಮ್ಮ ಮನೆಗೆ ಬಂತು. ಈಗ ನಾನೂ ನಮ್ಮವರೂ ಅದರಲ್ಲೇ ನೀರು ಕುಡಿಯುತ್ತೇವೆ.

ಇವತ್ತು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಮ್ಮಿಬ್ಬರ ಚಪ್ಪಲಿಗಳಿದ್ದವು. ಇರುವೆಸಾಲು ನಮ್ಮವರ ಚಪ್ಪಲಿಯನ್ನು ಮುಟ್ಟದೆ ಸುತ್ತಿಹೋಗಿ, ನನ್ನದನ್ನು ಹತ್ತುತ್ತಿತ್ತು.