ಅಮ್ಮನ ನಾಯಿ ಊಟ ಬಿಟ್ಟದ್ದು

ಅಮ್ಮ ತೀರಿಕೊಂಡ ಮೇಲೆ ಅವಳ ನಾಯಿ ಊಟ ಬಿಟ್ಟಿತು. ನಾನು ಹೊತ್ತುಹೊತ್ತಿಗೆ ಉಣ್ಣುತ್ತಿದ್ದೆ. ಹೊನ್ನಾವರದ ಪಕ್ಕದ ಕಾಸರಕೋಡಿನ ನಮ್ಮ ಕೇರಿಯವರು ಈ ಎರಡನ್ನೂ ಒಟ್ಟಿಗೇ ಸೇರಿಸಿ ಮಾತಾಡಿದರು.

ಒಣಮೀನಿನ ಹತ್ತಿರ ಕಾಗೆ ಓಡಿಸಲಿ ಎಂದು ಅಮ್ಮ ಅದನ್ನು ಮರಿಯಿದ್ದಾಗಲೇ ತಂದಿದ್ದಳು. ಅದಕ್ಕೋ ಕಾಗೆ ಕಂಡರೇ ಹೆದರಿಕೆ. ಅಮ್ಮನ ಸೀರೆಯ ಹಿಂದೆ ನಿಂತುಕೊಂಡು ಅಲ್ಲಿಂದಲೇ ಬೊಗಳುವುದು. ಮಲಗಿದರೆ ಹಿಂಗಾಲು ಎರಡನ್ನೂ ಚಾಚಿ ಕಪ್ಪೆಯ ಹಾಗೆ ಮಲಗುವುದು. ಅನ್ನ ಹಾಕಿದರೆ ಸಾಲದು, ಬೈಯಲೂಬೇಕು. "ತಿನ್ನು ದರಿದ್ರದ್ದೇ, ನಿನ್ನ ಹೊಟ್ಟೆಗೆ ಬೆಂಕಿ ಬೀಳಲಿ" ಎಂದು ಅಮ್ಮ ಶುರು ಮಾಡಿದ ಮೇಲೇ ತಟ್ಟೆಗೆ ಬಾಯಿ ಹಾಕುತ್ತಿತ್ತು. ಬೈಗಳು ನಿಂತರೆ ತಲೆಯೆತ್ತಿ ಅವಳ ಮುಖ ನೋಡುತ್ತಿತ್ತು.

ಅಮ್ಮ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ನಾನು ಭಟ್ಕಳ ಬಂದರಿನ ಐಸ್ ಫ್ಯಾಕ್ಟರಿಯಲ್ಲಿದ್ದೆ. ಫೋನ್ ಬಂತು, ಬಸ್ಸು ಹತ್ತಿ ಬಂದೆ. ಮಾಡಬೇಕಾದ್ದನ್ನೆಲ್ಲ ಮಾಡಿದೆ. ಅಳು ಬರಲಿಲ್ಲ. ಈಗ ಬರಬಹುದು, ಆಮೇಲೆ ಬರಬಹುದು ಎಂದು ಕಾದೆ. ಮೈಯೆಲ್ಲ ಜೋಮು ಹಿಡಿದ ಹಾಗಿತ್ತು, ಅಷ್ಟೇ.

ಸೂತಕ ಕಳೆದು ಮನೆಯಲ್ಲಿ ಮತ್ತೆ ಮೀನು ಬೇಯಿಸಿದೆವು. ಅದರ ಮಾರನೆಯ ದಿನದಿಂದ ನಾಯಿ ತಿನ್ನಲಿಲ್ಲ. ತಟ್ಟೆಯ ಹತ್ತಿರ ಬರುವುದು, ಒಂದು ತುತ್ತು ಕಚ್ಚುವುದು, ಕುಂಯ್‌ಗುಟ್ಟಿ ಕೆಳಗೆ ಬಿಡುವುದು. ಮನೆಯಲ್ಲೇ ಉಳಿದಿದ್ದ ಚಿಕ್ಕಮ್ಮ ಅಮ್ಮನ ಮಾತಿನಲ್ಲೇ ಬೈದು ನೋಡಿದಳು. ಆಗಲಿಲ್ಲ. ನಾಯಿ ಅಮ್ಮನ ಮಂಚದ ಕಾಲಿಗೆ ಮುಖ ಉಜ್ಜುತ್ತಾ ಕೂರುತ್ತಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

ಪಕ್ಕದ ಮನೆಯವಳು ಅದನ್ನು ವಿಡಿಯೋ ಮಾಡಿ ಸ್ಟೇಟಸ್ ಹಾಕಿದಳು. ನೋಡಿದವರು ಬಂದು ನಾಯಿಯ ತಲೆ ಸವರಿ ಕಣ್ಣೊರೆಸಿಕೊಂಡು ಹೋದರು.

"ಮೂಕಪ್ರಾಣಿ. ಅದಕ್ಕೆ ಗೊತ್ತಾತು" ಎಂದಳು ಚಿಕ್ಕಮ್ಮ, ನನ್ನ ಕಡೆ ನೋಡಿ. "ಮನುಷ್ಯರಿಗೇ ಗೊತ್ತಾಗೂದಿಲ್ಲ."

ಅವಳು ಹೇಳಿದ್ದು ನಿಜವೇ ಇರಬಹುದು ಅನ್ನಿಸಿತು.

ಆಮೇಲೆ ನಾಯಿಯ ಬಾಯಿ ನಾರತೊಡಗಿತು. ರಿಕ್ಷಾದಲ್ಲಿ ಹಾಕಿಕೊಂಡು ಹೊನ್ನಾವರಕ್ಕೆ ಹೋದೆ. ಪಶುವೈದ್ಯೆ ಇನ್ನೂ ಚಿಕ್ಕ ವಯಸ್ಸಿನವರು.

"ಎಂತ ಆತು ಇದಕ್ಕೆ?"

"ಅಮ್ಮ ತೀರಿಹೋದಳು. ಆಮೇಲೆ ಊಟ ಬಿಟ್ಟಿದೆ."

"ಛೇ" ಎಂದರು ಅವರು. ಮತ್ತೆ ನಾಯಿಯ ದವಡೆ ಬಿಡಿಸಿ ಟಾರ್ಚ್ ಹಾಕಿದರು. "ಗಟ್ಟಿಯಾಗಿ ಹಿಡಿದುಕೊಳ್ಳಿ" ಎಂದು ಇಕ್ಕಳ ತೆಗೆದುಕೊಂಡರು. ಟಕ್ಕೆಂದು ಸದ್ದಾಯಿತು. ದೊಡ್ಡ ಮೀನಿನ ಬೆನ್ನುಮೂಳೆಯ ತುಂಡೊಂದು ಆಚೆಯ ದವಡೆಹಲ್ಲಿನಿಂದ ಈಚೆಯ ಹಲ್ಲಿನವರೆಗೆ ಅಂಗುಳಿಗೆ ಅಡ್ಡ ಸಿಕ್ಕಿಕೊಂಡಿತ್ತು.

"ಮುಖ ಉಜ್ಜುತ್ತಿತ್ತಾ?"

"ಹೌದು. ಅಮ್ಮನ ಮಂಚಕ್ಕೆ."

"ಇದನ್ನ ತೆಗೀಲಿಕ್ಕೆ ನೋಡಿದ್ದು ಪಾಪ" ಎಂದು ಮಾತ್ರೆ ಬರೆದುಕೊಟ್ಟರು.

ಸೂತಕದ ದಿನಗಳಲ್ಲಿ ಅದು ಬೇಳೆಸಾರು ಅನ್ನವನ್ನು ತಟ್ಟೆ ನೆಕ್ಕಿ ತಿಂದಿದ್ದು ರಿಕ್ಷಾದಲ್ಲಿ ಬರುವಾಗ ನೆನಪಾಯಿತು. ಆಗ ಅದರ ಕಡೆ ಯಾರೂ ನೋಡಿರಲಿಲ್ಲ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಮನೆಗೆ ಬಂದ ಕೂಡಲೇ ಗಂಜಿ ಹಾಕಿದೆ. ನಾನು ಬೈಯಲು ಬಾಯಿ ತೆಗೆಯುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು.

"ಬರೀ ಮೂಳೆಯಾ?" ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳಿಗೆ ನಿಜಕ್ಕೂ ಬೇಜಾರಾಗಿತ್ತು. ನಾಯಿಯ ತಲೆ ಸವರಿ, "ದುಃಖವೂ ಇದ್ದಿತ್ತು ಬಿಡು. ಮೂಳೆ ಒಂದು ಕಡೆ, ದುಃಖ ಒಂದು ಕಡೆ" ಎಂದಳು.

"ಇದ್ದಿರಬಹುದು" ಎಂದೆ.

ಅದೇ ವಾರ ಕೆಲಸಕ್ಕೆ ಹೊರಟೆ. ಭಟ್ಕಳದ ಬಸ್ಸಿನಲ್ಲಿ ಕೂತಿದ್ದಾಗ ಧಾರೇಶ್ವರದ ಅತ್ತೆಯೊಬ್ಬಳ ಫೋನ್ ಬಂತು. ವಿಡಿಯೋ ಅವಳಿಗೆ ಆಗಷ್ಟೇ ತಲುಪಿತ್ತಂತೆ. "ನೋಡಿ ಅತ್ತುಬಿಟ್ಟೆ ಮಾರಾಯಾ. ಎಂಥ ಋಣ ನೋಡು ಅದರದು!" ಎಂದು ಮತ್ತೆ ಅಳತೊಡಗಿದಳು. ನಾನು ಮೂಳೆಯ ವಿಷಯ ಎತ್ತಲಿಲ್ಲ. ಅವಳು ಅಮ್ಮನ ಸುದ್ದಿಯನ್ನೂ ಸೇರಿಸಿಕೊಂಡು ಮುರ್ಡೇಶ್ವರ ದಾಟುವವರೆಗೂ ಅಳುತ್ತಲೇ ಇದ್ದಳು. ನಾನು ಹೂಂ, ಹೂಂ ಎನ್ನುತ್ತಾ ಕೇಳಿದೆ.