ಬಿರುಕು ಬಿಟ್ಟ ಹದಿನೇಳನೇ ಸಿ.ಡಿ.

ಅಂಧ ಮಕ್ಕಳ ಶಾಲೆಯ ಧ್ವನಿ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ಸಿ.ಡಿ. ಅಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿನ ಪಾಠಗಳನ್ನೆಲ್ಲ ಓದಿ ರೆಕಾರ್ಡ್ ಮಾಡಿಕೊಟ್ಟವರು ಒಬ್ಬರೇ ಮೇಷ್ಟ್ರು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅವರ ದನಿ ಹೊರಟುಹೋಯಿತು. ಆಮೇಲೆ ಅವರ ಮಾತೆಲ್ಲ ಒಂದು ಪುಟ್ಟ ಸ್ಲೇಟಿನ ಮೇಲೆ. ದನಿ ಉಳಿದಿದ್ದು ಬೀರುವಿನಲ್ಲಿದ್ದ ಅರವತ್ತು ಸಿ.ಡಿ.ಗಳಲ್ಲಿ ಮಾತ್ರ.

ಪರೀಕ್ಷೆಗೆ ಹದಿನೈದು ದಿನ ಇದೆ ಎನ್ನುವಾಗ ಶಾಲೆಗೆ ಅಂಗೈಯಗಲದ ಹೊಸ ಪ್ಲೇಯರ್‌ಗಳು ಬಂದವು. ಅವಕ್ಕೆ ಎಂಪಿ3 ಮಾತ್ರ ಆಗುತ್ತದೆ. ಸಿ.ಡಿ.ಗಳನ್ನೆಲ್ಲ ಎಂಪಿ3 ಮಾಡಿ ಬೇಗ ಮುಗಿಸಿ ಎಂದು ಮ್ಯಾನೇಜರ್ ತುದಿಗಾಲಲ್ಲಿ ನಿಂತರು. ಅಕ್ಕ ಕೈಗೆ ಸಿಕ್ಕಿದ ಸಾಫ್ಟ್‌ವೇರ್ ಹಾಕಿಕೊಂಡಳು. ಅದರಲ್ಲಿ ಎರಡು ದಾರಿಗಳಿದ್ದವು. ಒಂದು, ಸರಸರನೆ ಓದಿ ಮುಗಿಸುವುದು, ಒಂದು ಸಿ.ಡಿ.ಗೆ ಐದು ನಿಮಿಷ. ಇನ್ನೊಂದು, ಪ್ರತಿ ತುಣುಕನ್ನೂ ಎರಡೆರಡು ಸಲ ಓದಿ ತಾಳೆ ನೋಡುವುದು. ಅದಕ್ಕೆ ಎರಡು ಗಂಟೆ. ಅಕ್ಕ ಮೊದಲನೆಯದನ್ನು ಒತ್ತಿದಳು. ಫೈಲು ಚಿಕ್ಕದಾಗಲೆಂದು, ದನಿ ಎಷ್ಟು ಸ್ಪಷ್ಟವಾಗಿರಬೇಕೆಂದು ತೀರ್ಮಾನಿಸುವ ಬಿಟ್‌ರೇಟನ್ನೂ ಮೂವತ್ತೆರಡಕ್ಕೆ ಇಳಿಸಿದಳು. ಎರಡೇ ದಿನದಲ್ಲಿ ಅರವತ್ತೂ ಮುಗಿದವು. ಪರದೆಯ ಮೇಲೆ ಪ್ರತಿಸಲವೂ ‘ಯಶಸ್ವಿ’ ಎಂದೇ ಬಂದಿತ್ತು. ಮ್ಯಾನೇಜರ್ ಖುಷಿಯಾಗಿ ಅಂದೇ ಬೀರು ಖಾಲಿ ಮಾಡಿಸಿ ಸಿ.ಡಿ.ಗಳನ್ನು ಗುಜರಿಗೆ ಸಾಗಿಸಿದರು.

ಮರುದಿನ ಬೆಳಿಗ್ಗೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಗೋಡೆ ಸವರಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಅಕ್ಕಾ, ಹದಿನೇಳನೇದ್ರಲ್ಲಿ ಮೇಷ್ಟ್ರು ಮಾತು ನುಂಗಿದ್ದಾರೆ. ಅವರು ಯಾವತ್ತೂ ನುಂಗೋರಲ್ಲ."

ಅಕ್ಕ ಹಾಕಿ ಕೇಳಿದಳು. ‘ಆಮ್ಲಕ್ಕೆ ನೀರನ್ನು’ ಎಂದ ಮೇಲೆ ಒಂದು ಕ್ಷಣ ಮೌನ, ಆಮೇಲೆ ‘ನಿಧಾನವಾಗಿ ಸುರಿಯಬೇಕು’. ಮೇಷ್ಟ್ರು ಹೇಳಿದ್ದು ಇದಕ್ಕೆ ತದ್ವಿರುದ್ಧ. ಆಮ್ಲಕ್ಕೆ ನೀರನ್ನು ಸುರಿಯಬಾರದು, ನೀರಿಗೇ ಆಮ್ಲವನ್ನು ನಿಧಾನವಾಗಿ ಸುರಿಯಬೇಕು. ಸಿ.ಡಿ. ಡ್ರೈವಿಗೆ ಓದಲಾಗದ ಜಾಗವನ್ನು ಸಾಫ್ಟ್‌ವೇರ್ ಸದ್ದಿಲ್ಲದೆ ಮೌನದಿಂದ ತುಂಬಿಬಿಟ್ಟಿತ್ತು. ಇನ್ನೆಲ್ಲೆಲ್ಲಿ ಹೀಗಾಗಿದೆಯೋ ಯಾರಿಗೆ ಗೊತ್ತು. ಹುಡುಗಿ ಇನ್ನೊಂದು ದೂರನ್ನೂ ಹೇಳಿದಳು: ಸ, ಶ, ಷ ಮೂರೂ ಒಂದೇ ಥರ ಕೇಳುತ್ತವೆ.

ಅಕ್ಕ ಚಪ್ಪಲಿ ಮೆಟ್ಟಿಕೊಂಡು ಗುಜರಿ ಅಂಗಡಿಗೆ ಓಡಿದಳು. ಮೂಟೆ ಬಿಚ್ಚಿ ಸುರಿದಾಗಿತ್ತು. ಅಂಗಡಿಯವನು ಡಬ್ಬಿಗಳನ್ನು ಒಂದು ಕಡೆ, ಸಿ.ಡಿ.ಗಳನ್ನು ಒಂದು ಕಡೆ ರಾಶಿ ಹಾಕುತ್ತಿದ್ದ. ಅವಳು ನೆಲದ ಮೇಲೇ ಕೂತು ಒಂದೊಂದನ್ನೇ ಆರಿಸಿದಳು. ಅರವತ್ತೂ ಸಿಕ್ಕವು. ಆದರೆ ಹದಿನೇಳನೆಯದು ಯಾರದೋ ಕಾಲಿಗೆ ಸಿಕ್ಕಿ, ನಡುವಿನ ತೂತಿನಿಂದ ಉಗುರಿನಷ್ಟು ಉದ್ದ ಬಿರುಕು ಬಿಟ್ಟಿತ್ತು.

ತಪ್ಪು ನನ್ನದೇ ಎಂದು ಅವಳು ಮ್ಯಾನೇಜರ್ ಮುಂದೆ ಒಪ್ಪಿಕೊಂಡಳು. ಅವರು ಪರೀಕ್ಷೆಯೊಳಗೆ ಆಗುತ್ತದೋ ಇಲ್ಲವೋ ಅಷ್ಟು ಹೇಳಿ ಎಂದರು. ಆಗುತ್ತದೆ ಎಂದಳು, ಆಗುತ್ತದೆ ಎಂಬ ನಂಬಿಕೆ ಇಲ್ಲದೆಯೇ.

ಈ ಸಲ ಅವಳು ತಾಳೆ ನೋಡುವ ದಾರಿಯನ್ನೇ ಆರಿಸಿ, ಓದಲಾಗದ ಜಾಗವನ್ನು ಮುಚ್ಚಿಡದೆ ತೋರಿಸುವಂತೆ ಸೆಟ್ ಮಾಡಿದಳು. ಮೊದಲು ದನಿಯನ್ನು ಒಂದಿಷ್ಟೂ ಕುಗ್ಗಿಸದ ಪೂರ್ತಿ ಪ್ರತಿ, ಎಂಪಿ3 ಆಮೇಲೆ. ಬಿಟ್‌ರೇಟ್ ಎಷ್ಟಿರಬೇಕೆಂದು ಹುಡುಗಿಯ ಕಿವಿಯನ್ನೇ ಕೇಳಿದಳು. ಅರವತ್ತನಾಲ್ಕಕ್ಕೂ ತೊಂಬತ್ತಾರಕ್ಕೂ ತನಗೆ ವ್ಯತ್ಯಾಸ ಗೊತ್ತಾಗುತ್ತಿಲ್ಲ ಎಂದಳು ಹುಡುಗಿ. ಅರವತ್ತನಾಲ್ಕು, ಎರಡು ಕಿವಿಗೂ ಒಂದೇ ದನಿ ಬರುವ ಮೊನೊ, ಎಂದು ನಿಗದಿಯಾಯಿತು. ಎಂಟು ದಿನ ಎರಡು ಕಂಪ್ಯೂಟರ್‌ಗಳು ಬೆಳಿಗ್ಗೆಯಿಂದ ಸಂಜೆವರೆಗೆ ಗುಂಯ್‌ಗುಟ್ಟಿದವು. ಐವತ್ತೊಂಬತ್ತು ಮುಗಿದವು.

ಹದಿನೇಳನೆಯದನ್ನು ಅವಳು ಬೇಕೆಂದೇ ಕೊನೆಗೆ ಉಳಿಸಿದ್ದಳು. ಜೋರಾಗಿ ತಿರುಗಿದರೆ ಬಿರುಕಿನ ಸಿ.ಡಿ. ಡ್ರೈವಿನೊಳಗೇ ಚೂರಾಗುತ್ತದೆ. ವೇಗವನ್ನು ತಳಮಟ್ಟಕ್ಕೆ ಇಳಿಸಿದಳು. ಸುದ್ದಿ ತಿಳಿದು ಮೇಷ್ಟ್ರೂ ಬಂದು ಪಕ್ಕದಲ್ಲಿ ಕೂತರು. ಡ್ರೈವು ಟಿಕ್, ಟಿಕ್ ಎನ್ನುತ್ತಿತ್ತು. ಎಷ್ಟು ಓದಿಯಾಯಿತೆಂದು ಪರದೆಯ ಮೇಲೆ ತೋರಿಸುವ ಪಟ್ಟಿ ಆಮ್ಲದ ಪಾಠದ ಹತ್ತಿರ ನಿಂತುಬಿಟ್ಟಿತು. ಡ್ರೈವು ಓದಿದ್ದನ್ನೇ ಮತ್ತೆ ಮತ್ತೆ ಓದುತ್ತಿತ್ತು. ಒಂದೊಂದು ಸುತ್ತಿಗೂ ಬಿರುಕು ಬೆಳೆಯುತ್ತಿರಬಹುದು. ಅವಳ ಬೆರಳು ನಿಲ್ಲಿಸುವ ಗುಂಡಿಯ ಮೇಲಿತ್ತು.

"ನಿಲ್ಲಿಸಲಾ, ಮೇಷ್ಟ್ರೇ?"

ಅವರು ಬರೆಯಲು ಹೋಗಲಿಲ್ಲ. ಬೇಡವೆಂದು ತಲೆಯಾಡಿಸಿದರು ಅಷ್ಟೇ.

ಪಟ್ಟಿ ಒಂದು ಕೂದಲೆಳೆಯಷ್ಟು ಸರಿಯಿತು. ಮತ್ತೊಂದಿಷ್ಟು. ಆ ಜಾಗ ದಾಟಿತು. ಇನ್ನು ನಾಲ್ಕು ನಿಮಿಷದ ಪಾಠ ಉಳಿದಿರುವಾಗ ಒಳಗೆ ಟಪ್ಪೆಂದು ಸದ್ದಾಯಿತು. ಡ್ರೈವು ಬಿಚ್ಚಿದರೆ ಸಿ.ಡಿ. ಎರಡು ಹೋಳು. ಅಕ್ಕ ಸಿಕ್ಕಿದಷ್ಟನ್ನು ಹಾಕಿ ಕೇಳಿದಳು: ‘ಸುರಿಯಬಾರದು, ನೀರಿಗೇ ಆಮ್ಲವನ್ನು’. ಎಲ್ಲ ಇತ್ತು. ಕೊನೆಯ ನಾಲ್ಕು ನಿಮಿಷವನ್ನು ಅವಸರದಲ್ಲಿ ಮಾಡಿದ್ದ ಮೊದಲ ಪ್ರತಿಯಿಂದ ಜೋಡಿಸಿದಳು. ಅಲ್ಲಿ ದನಿ ಮಂಕು, ಆದರೆ ಮಾತು ಪೂರ್ತಿ.

ಪರೀಕ್ಷೆಗೆ ನಾಲ್ಕು ದಿನ ಮೊದಲೇ ಪ್ಲೇಯರ್‌ಗಳೆಲ್ಲ ಮಕ್ಕಳ ಕೈ ಸೇರಿದವು. ಅಂದು ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು ತಮ್ಮ ದನಿಯನ್ನು ಅರ್ಧ ಗಂಟೆ ಕೇಳಿದರು. ಅಕ್ಕ ಕಣ್ಣೊರೆಸಿಕೊಳ್ಳುತ್ತ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಹೆಡ್‌ಫೋನ್ ತೆಗೆದಿಟ್ಟು, ಸ್ಲೇಟು ಎಳೆದುಕೊಂಡು ಬರೆದರು:

"ಇನ್ನೂ ಸ್ವಲ್ಪ ನಿಧಾನ ಓದಬೇಕಿತ್ತು ನಾನು."