ಪಿಸ್ತೂಲು ಆರಿಸಲು ಹೋದ ಶನಿವಾರ

ಪಿಸ್ತೂಲು ಕೊಳ್ಳಬೇಕೆಂದಿದ್ದೇನೆ ಎಂದು ಮೈಸೂರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳು, "ಅಲ್ಲಿ ಅಷ್ಟೊಂದು ಕಳ್ಳರ ಕಾಟನೇನೋ?" ಎಂದಳು. ನಿಜವಾದದ್ದಲ್ಲ, ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ್ದು ಎಂದು ಬಿಡಿಸಿ ಹೇಳಿದೆ. ಐರ್ಲೆಂಡಿನಲ್ಲಿ ನಿಜವಾದ ಪಿಸ್ತೂಲು ನನ್ನಂಥವನ ಕೈಗೆ ಸಿಗುವುದೇ ಇಲ್ಲವೆನ್ನಬೇಕು. ಇಲ್ಲಿನ ಪೊಲೀಸರನ್ನು ಗಾರ್ಡಾ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಗಸ್ತು ತಿರುಗುವ ಗಾರ್ಡಾಗಳ ಸೊಂಟದಲ್ಲೂ ಅದು ಇರುವುದಿಲ್ಲ.

ಆಟದ ಹೆಸರು ಏರ್‌ಸಾಫ್ಟ್. ನಮ್ಮ ಆಫೀಸಿನ ಟೀಮಿನವರು ಆಗಾಗ ಭಾನುವಾರ ಊರಾಚೆಯ ಒಂದು ಕಾಡಿಗೆ ಹೋಗಿ ಎರಡು ಪಕ್ಷವಾಗಿ ಆಡುತ್ತಿದ್ದರು. ಕಡಲೆಕಾಳಿನಷ್ಟು ದೊಡ್ಡ ಪ್ಲಾಸ್ಟಿಕ್ ಗುಂಡು ಮೈಗೆ ತಾಗಿದರೆ ಕೈ ಎತ್ತಿ "ಹಿಟ್" ಎಂದು ಕೂಗಿ ಹೊರಗೆ ನಡೆಯಬೇಕು. ಸುಳ್ಳು ಹೇಳಲು ಅವಕಾಶವಿದ್ದರೂ ಯಾರೂ ಹೇಳುವುದಿಲ್ಲ. ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ನನಗೆ, ನಲವತ್ತು ದಾಟಿದ ಮೇಲೆ ಹೀಗೆ ಕೆಸರಿನಲ್ಲಿ ಬಿದ್ದು ಹೊರಳುವುದು ಬಹಳ ಇಷ್ಟವಾಗಿಬಿಟ್ಟಿತು. ಮೊದಮೊದಲು ಅಲ್ಲೇ ಬಾಡಿಗೆಗೆ ಸಿಗುವ ಉದ್ದನೆಯ ಬಂದೂಕು ಹಿಡಿಯುತ್ತಿದ್ದೆ. ಆಮೇಲೆ ನನ್ನದೇ ಒಂದು ಪಿಸ್ತೂಲು ಬೇಕೆನ್ನಿಸಿತು. ತೀರಾ ಅಗ್ಗದ್ದೂ ಬೇಡ, ಜಂಬದ್ದೂ ಬೇಡ. ಕೈತುಂಬ ಹಿಡಿಯುವಂತಿರಬೇಕು, ಕುದುರೆ ಒತ್ತಿದಾಗಲೆಲ್ಲ ಒಂದೊಂದೇ ಗುಂಡು ಹಾರಿ ಮುಂದಿನದು ತಾನೇ ಬಂದು ಕೂರುವಂತಿರಬೇಕು. ಊಟವಾದ ಮೇಲೆ ಸೋಫಾದಲ್ಲಿ ಕೂತು ಅದರ ವಿಡಿಯೋಗಳನ್ನೇ ನೋಡುತ್ತಿದ್ದೆ.

ನನ್ನ ಹೆಂಡತಿ ಒಂದು ಫಾರ್ಮಸಿಯಲ್ಲಿ ಕೆಲಸ ಮಾಡುತ್ತಾಳೆ. ನಾವಿಬ್ಬರೂ ಮೈಸೂರಿನಲ್ಲಿ ಒಂದೇ ಸಿಟಿ ಬಸ್ಸಿಗೆ ಕಾಯುತ್ತ ಪರಿಚಯವಾದವರು. ನಾನು ವಿಡಿಯೋ ಹಾಕಿದರೆ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಗಂಡಸರ ಹುಚ್ಚು ಎಂದು ಬೇಸರವಿರಬೇಕು ಅಂದುಕೊಂಡಿದ್ದೆ. ಹಾಗಾಗಿ ಆ ಶನಿವಾರ, ಮಗಳನ್ನು ಅವಳ ಗೆಳತಿಯ ಬರ್ತ್‌ಡೇಗೆ ಬಿಟ್ಟು ನಾವಿರುವ ಬ್ಲಾಂಚರ್ಡ್ಸ್‌ಟೌನಿನಿಂದ ಹೊರಟಾಗ ಹೆಂಡತಿಯೇ, "ನಾನೂ ಬರ್ತೀನಿ, ನೋಡೋಣ" ಎಂದದ್ದು ಆಶ್ಚರ್ಯವಾಯಿತು.

ಅಂಗಡಿ ಒಂದು ಬಿಸಿನೆಸ್ ಪಾರ್ಕಿನ ಹಿಂಭಾಗದಲ್ಲಿ, ಟೈರ್ ಬದಲಿಸುವವನ ಪಕ್ಕಕ್ಕಿತ್ತು. ಹೊರಗೆ ನೋಡಿದರೆ ಗೋಡೌನು. ಒಳಗೆ ಗೋಡೆಯ ತುಂಬ ಬಂದೂಕು, ಹೆಲ್ಮೆಟ್ಟು, ಕನ್ನಡಕ. ಉದ್ದನೆಯ ಗಾಜಿನ ಪೆಟ್ಟಿಗೆಯಲ್ಲಿ ಪಿಸ್ತೂಲುಗಳನ್ನು ಒಡವೆ ಅಂಗಡಿಯಲ್ಲಿ ಜೋಡಿಸಿದ ಹಾಗೆ ಜೋಡಿಸಿದ್ದರು. ಅಂಗಡಿಯವನು ನರೆತ ಗಡ್ಡದ, ದಪ್ಪ ಜರ್ಸಿ ತೊಟ್ಟ, ಮೆಲುದನಿಯ ಮನುಷ್ಯ. ನನ್ನ ಅಂಗೈ ತೋರಿಸಲು ಹೇಳಿದ. ತೋರಿಸಿದೆ.

"ನಿಮಗೆ ಪೂರ್ತಿ ಸೈಜಿನದೇ ಸರಿ. ಚಿಕ್ಕದು ಕಿರುಬೆರಳಿಗೆ ಸಿಗೋದಿಲ್ಲ, ಅಲ್ಲಾಡುತ್ತೆ" ಎಂದು ಮೂರನ್ನು ತೆಗೆದು ರಬ್ಬರ್ ಚಾಪೆಯ ಮೇಲಿಟ್ಟ.

ಮೊದಲನೆಯದರ ಮೈಯೆಲ್ಲ ಲೋಹ. ಎತ್ತಿದರೆ ಮಣಿಕಟ್ಟು ಕೆಳಕ್ಕೆ ಜಗ್ಗಿತು. ಎರಡನೆಯದರ ಮೇಲ್ಭಾಗ ಮಾತ್ರ ಪ್ಲಾಸ್ಟಿಕ್ಕು. ಇವು ಗ್ಯಾಸಿನ ಒತ್ತಡದಿಂದ ಓಡುತ್ತವೆ, ಇಲ್ಲಿನ ಚಳಿಗೆ ಗ್ಯಾಸು ಸೋಲುತ್ತದೆ, ಮೇಲ್ಭಾಗ ಹಗುರವಾಗಿದ್ದರೆ ಚಳಿಗಾಲದಲ್ಲೂ ತಕರಾರಿಲ್ಲದೆ ಹಿಂದಕ್ಕೆ ಮುಂದಕ್ಕೆ ಓಡುತ್ತದೆ ಎಂದು ಅವನು ವಿವರಿಸಿದ. ಮೂರನೆಯದು ಬ್ಯಾಟರಿಯದು. ಅದನ್ನು ಅವನೇ ಬೇಡವೆಂದು ಪಕ್ಕಕ್ಕೆ ಸರಿಸಿದ. "ಎರಡನೆಯದು ತಗೊಂಡು, ಉಳಿದ ದುಡ್ಡಲ್ಲಿ ಒಂದು ಒಳ್ಳೇ ಕನ್ನಡಕ ತಗೊಳ್ಳಿ. ಕಣ್ಣು ಮುಖ್ಯ. ಮನೆಗೆ ಒಯ್ಯುವಾಗ ಮುಚ್ಚಿದ ಬ್ಯಾಗಿನಲ್ಲೇ ಒಯ್ಯಬೇಕು. ಕಾರಿನಲ್ಲಿ ಕೂಡ ಹೊರಗೆ ತೆಗೀಬೇಡಿ. ನೋಡಿದವರಿಗೆ ಆಟದ್ದು ಅಂತ ಗೊತ್ತಾಗೋದಿಲ್ಲ."

ನಾನು ಎರಡನೆಯದನ್ನು ಹಿಡಿದು, ಅವನು ಹೇಳಿಕೊಟ್ಟ ಹಾಗೆ ಬೆರಳನ್ನು ಕುದುರೆಯಿಂದ ಆಚೆ ಇಟ್ಟು, ಗೋಡೆಯ ಕಡೆಗೆ ಚಾಚಿದೆ. ಚೆನ್ನಾಗಿ ಕೂತಿತು. ಹೇಗಿದೆ ಎಂದು ಕೇಳಲು ಹೆಂಡತಿಯ ಕಡೆ ತಿರುಗಿದೆ. ಪಿಸ್ತೂಲು ಅಷ್ಟರಲ್ಲಿ ಕೆಳಗಿಳಿದಿತ್ತು. ಅವಳ ಕಡೆ ನಾನು ಚಾಚಲಿಲ್ಲ. ಆದರೂ ಅವಳ ಎರಡೂ ಕೈ ಎದೆಯ ಮಟ್ಟಕ್ಕೆ ಎದ್ದಿದ್ದವು, ಅಂಗೈ ನನ್ನ ಕಡೆಗೆ. ಆಡಲು ಎತ್ತಿದ ಕೈಯಲ್ಲ. ಮುಖ ಬಿಳಿಚಿಕೊಂಡಿತ್ತು.

"ಏನಾಯ್ತೇ?"

"ಇಂಥದ್ದೇ" ಎಂದಳು. "ಅವತ್ತು ಅವನ ಕೈಲಿದ್ದಿದ್ದು ಇಂಥದ್ದೇ."

ಯಾವತ್ತು, ಯಾರ ಕೈಲಿ, ಒಂದೂ ಹೊಳೆಯಲಿಲ್ಲ. ಅಂಗಡಿಯವನಿಗೆ ಕನ್ನಡ ಬಾರದಿದ್ದರೂ ನನಗಿಂತ ಮೊದಲು ಅವನಿಗೆ ಅರ್ಥವಾಯಿತು. ನನ್ನ ಕೈಲಿದ್ದದ್ದನ್ನೂ ಸೇರಿಸಿ ಮೂರನ್ನೂ ಎತ್ತಿ ಗಾಜಿನ ಕೆಳಗಿಟ್ಟು ಬಟ್ಟೆ ಮುಚ್ಚಿದ. ಒಂದು ಕುರ್ಚಿ ತಂದು ಅವಳ ಹಿಂದೆ ಹಾಕಿದ.

ಅವಳು ಕುರ್ಚಿಯಲ್ಲಿ ಕೂತು, ನೆಲ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದಳು. ಹಿಂದಿನ ಚಳಿಗಾಲದಲ್ಲಿ ಒಂದು ಸಂಜೆ ಫಾರ್ಮಸಿ ಮುಚ್ಚುವ ಹೊತ್ತಿಗೆ ಕಳ್ಳತನವಾಗಿತ್ತು. ಅದು ನನಗೆ ಗೊತ್ತಿತ್ತು. ಯಾರೋ ಬಂದು ಗಲ್ಲಾದಲ್ಲಿದ್ದದ್ದು ಬಾಚಿಕೊಂಡು ಓಡಿದ, ಗಾರ್ಡಾಗಳು ಬಂದಿದ್ದರು, ಅದಕ್ಕೇ ಲೇಟಾಯಿತು ಎಂದು ಅವಳು ಮನೆಗೆ ಬಂದು ಹೇಳಿದ್ದಳು. ನಾನು ಸಾರು ಬಿಸಿ ಮಾಡಿ ಕೊಟ್ಟಿದ್ದೆ. ಪಿಸ್ತೂಲಿನ ಮಾತನ್ನೇ ಅವಳು ಎತ್ತಿರಲಿಲ್ಲ. ಬಂದವನು ಅದನ್ನು ಕೌಂಟರಿನ ಮೇಲಿಂದ ಚಾಚಿ, ಅವಳ ಮುಖಕ್ಕೆ ಒಂದು ಗೇಣು ದೂರದಲ್ಲಿ ಹಿಡಿದು, ನಿದ್ದೆ ಮಾತ್ರೆಗಳ ಬೀರು ತೆರೆಯಲು ಹೇಳಿದ್ದನಂತೆ. ಇವಳ ಕೈ ನಡುಗಿ ಬೀಗದ ಕೈ ಎರಡು ಸಲ ಕೆಳಗೆ ಬಿತ್ತಂತೆ. ಬಗ್ಗಿ ಎತ್ತಿಕೊಳ್ಳುವಾಗ, ಮಗಳನ್ನು ನಾಳೆ ಈಜಿನ ಕ್ಲಾಸಿಗೆ ಯಾರು ಕರೆದೊಯ್ಯುತ್ತಾರೆ ಎಂಬ ಯೋಚನೆ ಬಂತಂತೆ.

ನಾನು ನಿಂತೇ ಇದ್ದೆ. ಪಕ್ಕದಲ್ಲಿ ಮಲಗುವವಳ ಮುಖಕ್ಕೆ ಯಾರೋ ಪಿಸ್ತೂಲು ಹಿಡಿದಿದ್ದ. ಒಂದು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಅವಳು ಸಂಜೆಯ ಶಿಫ್ಟು ಬಿಟ್ಟು ಬೆಳಗಿನದಕ್ಕೆ ಬದಲಾಯಿಸಿಕೊಂಡದ್ದು ಮಗಳ ಈಜಿಗಾಗಿ ಎಂದೇ ನಂಬಿದ್ದೆ.

"ಯಾಕೆ ಹೇಳ್ಲಿಲ್ಲ ನೀನು?"

"ಹೇಳೋಣ ಅಂತಾನೇ ಇದ್ದೆ. ಮಾರನೇ ದಿನ ಗಾರ್ಡಾ ಬಂದು, ಆ ಪಿಸ್ತೂಲು ಹಿಂದಿನ ಗಲ್ಲೀಲಿ ಸಿಕ್ತು, ನಿಜವಾದದ್ದಲ್ಲ ಅಂದ್ರು. ಮ್ಯಾನೇಜರ್ ನಕ್ಕುಬಿಟ್ರು. 'ಅಯ್ಯೋ, ಬರೀ ಆಟದ ಸಾಮಾನು, ಯೂ ಆರ್ ಗ್ರ್ಯಾಂಡ್, ನಿಂಗೇನೂ ಆಗಿಲ್ಲ ಬಿಡು' ಅಂದ್ರು. ಎಲ್ಲರೂ ನಕ್ರು. ನಾನೂ ನಕ್ಕೆ. ಆಟದ ಸಾಮಾನಿಗೆ ಹೆದರಿ ಅಷ್ಟು ನಡುಗಿದ್ದೆ ಅಂತ ನಿನ್ ಹತ್ರ ಹೇಗ್ ಹೇಳ್ಲಿ?" ಮತ್ತೆ ಸೇರಿಸಿದಳು. "ಇವತ್ತು ಹತ್ತಿರದಿಂದ ನೋಡಿದ್ರೆ ಹೆದರಿಕೆ ಹೋಗುತ್ತೆ ಅಂದ್ಕೊಂಡೆ. ಅದಕ್ಕೇ ಬಂದೆ."

ಅಂಗಡಿಯವನು ಒಂದು ಲೋಟ ನೀರು ತಂದುಕೊಟ್ಟು ದೂರ ನಿಂತಿದ್ದ. ಅವಳು ನೀರು ಕುಡಿದು, ತಾನೇ ಅವನನ್ನು ಇಂಗ್ಲಿಷಿನಲ್ಲಿ ಕೇಳಿದಳು. "ಒಬ್ಬ ನಿಮ್ಮೆದುರು ಇದನ್ನು ಹಿಡಿದರೆ ನಿಜವೋ ಸುಳ್ಳೋ ಅಂತ ಹೇಗೆ ಗೊತ್ತಾಗುತ್ತೆ?"

ಏನು ನಡೆದಿದೆ ಎಂದು ಅವಳು ಎರಡು ಮಾತಿನಲ್ಲಿ ತಿಳಿಸಿದಳು. ಅವನು ಕೌಂಟರಿನ ಹಿಂದಿನಿಂದ ಈಚೆ ಬಂದ.

"ಗೊತ್ತಾಗೋದಿಲ್ಲಮ್ಮ. ನಿಜವಾದದ್ದರ ಅಳತೆ ಹಿಡಿದೇ ಇದನ್ನ ಮಾಡಿರ್ತಾರೆ. ನಾನು ಇವನ್ನೇ ಮಾರಿ ಊಟ ಮಾಡೋನು. ನನ್ನ ಮುಖಕ್ಕೆ ಹಿಡಿದಿದ್ರೆ ನಾನೂ ನಿಮ್ಮ ಹಾಗೇ ಬೀರು ತೆಗೀತಿದ್ದೆ. ನನ್ನ ಕೈಯಿಂದಲೂ ಕೀ ಬೀಳ್ತಿತ್ತು."

ಅವಳು ಅವನನ್ನೇ ನೋಡಿದಳು. ಆಮೇಲೆ ಅತ್ತಳು. ಜೋರಾಗಿಯಲ್ಲ, ಕೋಟಿನ ತೋಳನ್ನು ಬಾಯಿಗೊತ್ತಿಕೊಂಡು ಅತ್ತಳು. ನಾನು ಭುಜ ಮುಟ್ಟಿದರೆ ಬೆಚ್ಚಿದಳು, ನನ್ನ ಕೈಯೆಂದು ತಿಳಿದ ಮೇಲೆ ಅದನ್ನು ಬಿಡಲಿಲ್ಲ. ಇನ್ನೊಬ್ಬ ಗಿರಾಕಿ ಬಾಗಿಲು ತಳ್ಳಿದಾಗ ಅಂಗಡಿಯವನು ಹೋಗಿ ಆಮೇಲೆ ಬರಲು ಹೇಳಿ ಕಳಿಸಿದ.

ಏನನ್ನೂ ಕೊಳ್ಳದೆ ಹೊರಗೆ ಬಂದೆವು. ಕಾರಿನಲ್ಲಿ ಕೂತ ಮೇಲೂ ಎಂಜಿನ್ ಶುರು ಮಾಡಲು ನನಗೆ ಆಗಲಿಲ್ಲ. ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ನಿಂಗೆ ಬೇಕಾದ್ರೆ ತಗೊ, ಮನೇಲಿ ಮಾತ್ರ ಇಡಬೇಡ" ಎಂದಳು.

"ನಂಗ್ ಬೇಡ ಕಣೇ."

"ನನಗೋಸ್ಕರ ಬೇಡ ಅನ್ಬೇಡ."

ಅವಳಿಗೋಸ್ಕರವೋ ನನಗೋಸ್ಕರವೋ ಆಗ ನನಗೂ ತಿಳಿದಿರಲಿಲ್ಲ. ತಿಳಿದದ್ದು ಮುಂದಿನ ಭಾನುವಾರ. ಅವಳೇ ಒತ್ತಾಯಿಸಿ ಆಟಕ್ಕೆ ಕಳಿಸಿದ್ದಳು. ಒಂದು ಹಳೆಯ ಗೋಡೆಯ ಮರೆಯಲ್ಲಿ ಕೂತಿದ್ದಾಗ ಎದುರು ಪಕ್ಷದ ಸಹೋದ್ಯೋಗಿಯೊಬ್ಬ ತಿರುವಿನಲ್ಲಿ ಧುತ್ತನೆ ಬಂದು ಪಿಸ್ತೂಲು ಚಾಚಿದ. ಪಾಪ, ಒಳ್ಳೆಯ ಮನುಷ್ಯ. ಕ್ಯಾಂಟೀನಿನಲ್ಲಿ ದಿನಾ ನನ್ನ ಪಕ್ಕದಲ್ಲೇ ಕೂತು ಊಟ ಮಾಡುವವನು. ನನಗೆ ಅವನ ಮುಖ ಕಾಣಲೇ ಇಲ್ಲ. ಕಂಡದ್ದು ಆ ಕೊಳವೆಯ ತೂತು ಮಾತ್ರ. ಕೈಲಿದ್ದ ಬಂದೂಕು ಜಾರಿ ಎಲೆಗಳ ಮೇಲೆ ಬಿತ್ತು. ಅವನು ಗಾಬರಿಯಾಗಿ ಪಿಸ್ತೂಲು ಕೆಳಗಿಟ್ಟು, ಬೇರೆ ಯಾರದಾದರೂ ಗುಂಡು ತಾಗಿತೇ ಎಂದು ವಿಚಾರಿಸಿದ. ಅವನು ಹಾರಿಸಿಯೇ ಇರಲಿಲ್ಲ. ಅಂದು ಬೇಗ ಮನೆಗೆ ಬಂದೆ, ಮತ್ತೆ ಹೋಗಿಲ್ಲ. ಇದನ್ನು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ.

ಆಮೇಲೆ ಅವಳು ನಮ್ಮ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಅವರು ಒಬ್ಬ ಆಪ್ತಸಲಹೆಗಾರ್ತಿಯ ಬಳಿಗೆ ಕಳಿಸಿದರು. ಹೋಗಿಬಂದ ದಿನ ಕೆಲವೊಮ್ಮೆ ತುಂಬ ಮಾತಾಡುತ್ತಾಳೆ, ಕೆಲವೊಮ್ಮೆ ಕೋಣೆಯ ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ವಿಷಯ ತಿಳಿದ ಮಗಳು, "ಬಟ್ ಅಮ್ಮಾ, ಯೂ ಡಿಡಂಟ್ ನೋ" ಎಂದು ತನ್ನ ಐರಿಷ್ ಉಚ್ಚಾರದಲ್ಲಿ ಒಂದೇ ಮಾತು ಹೇಳಿ ಹೋಂವರ್ಕಿಗೆ ಕೂತಳು.

ಮೊನ್ನೆ ಫಾರ್ಮಸಿಯಲ್ಲಿ ಹೊಸದಾಗಿ ಸೇರಿದವಳಿಗೆ ಮ್ಯಾನೇಜರ್ ಆ ಕಳ್ಳತನದ ಕಥೆ ಹೇಳುತ್ತ, ಮತ್ತೆ ಅದೇ ಆಟದ ಸಾಮಾನಿನ ಮಾತಾಡಿದರಂತೆ. ಹೆಂಡತಿ ಕೈಲಿದ್ದ ಮಾತ್ರೆ ಡಬ್ಬಿ ಕೆಳಗಿಟ್ಟು, "ನನ್ನ ಮುಖದ ಮುಂದೆ ಹಿಡಿದಿದ್ದಾಗ ಅದು ಆಟದ್ದಾಗಿರಲಿಲ್ಲ. ದಯವಿಟ್ಟು ಇನ್ನೊಂದು ಸಲ ಹಾಗನ್ನಬೇಡಿ" ಎಂದಳಂತೆ. ಸಂಜೆ ಚಪಾತಿ ಲಟ್ಟಿಸುತ್ತ ನನಗೆ ಹೇಳಿದಳು.

"ಅವರೇನಂದ್ರು?" ಎಂದೆ.

"ಮುಖ ಕೆಂಪಾಯ್ತು. ಒಳಗೆ ಹೋಗಿ ನಂಗೊಂದು ಟೀ ಮಾಡ್ಕೊಂಡು ಬಂದ್ರು."